ಕೊನೆಯ ಬೆಂಚು

ಕಾಸರಗೋಡಿನ ಸೀಮೆಯಲ್ಲಿರುವ ನಮ್ಮ ಇಗರ್ಜಿಯ ಬಾಗಿಲಲ್ಲಿ ‘ಸರ್ವರಿಗೂ ಸುಸ್ವಾಗತ’ ಎಂಬ ಬರಹವುಂಟು. ಬಾಲ್ಯದಿಂದಲೂ ಅದರ ಕೆಳಗೆ ನಡೆದಾಡಿದವಳು ನಾನು. ಆದರೆ ಬರಹ ತಾನಾಗಿ ಯಾರನ್ನೂ ಕರೆಯಲಾರದೆಂಬುದು ತಿಳಿದದ್ದು ತಲೆ ನರೆತ ಮೇಲೆ.

ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಕುಟುಂಬವೊಂದು ಅಡಿಕೆ ತೋಟದ ಕೆಲಸಕ್ಕೆಂದು ನಮ್ಮೂರಿಗೆ ಬಂದಿತು. ನಮ್ಮಂತೆಯೇ ಕಥೋಲಿಕರು, ಮನೆಮಾತು ಮಾತ್ರ ಕನ್ನಡ. ನಮ್ಮಲ್ಲಿ ಬಲಿಪೂಜೆಯೂ ಹಾಡುಗಳೂ ಹೆಚ್ಚಾಗಿ ಕೊಂಕಣಿಯಲ್ಲಿ. ದಂಪತಿಗಳು ಇಬ್ಬರು ಮಕ್ಕಳೊಡನೆ ಪ್ರತಿ ಭಾನುವಾರವೂ ಕೊನೆಯ ಬೆಂಚಿನಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದು, ಮೊಣಕಾಲೂರಿದಾಗ ತಾವೂ ಊರಿ, ಪೂಜೆ ಮುಗಿದೊಡನೆ ಮೌನವಾಗಿ ಹೊರಟುಹೋಗುತ್ತಿದ್ದರು. ನಾವು ಅಂಗಳದಲ್ಲಿ ನಮ್ಮ ನಮ್ಮ ಬಂಧುಗಳೊಡನೆ ಮಾತಿನಲ್ಲಿ ಮೈಮರೆಯುತ್ತಿದ್ದೆವು. ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ನಾನೂ ಅವರೊಡನೆ ಒಂದು ಮಾತನಾಡಿರಲಿಲ್ಲ.

ಮಳೆಗಾಲದಲ್ಲಿ ಆ ಬೆಂಚು ಬರಿದಾಯಿತು. ಮೂರು ವಾರ ಕಳೆದ ಮೇಲೆ ಮನಸ್ಸು ತಡೆಯದೆ ಅವರ ಬಿಡಾರಕ್ಕೆ ಹೋದೆ. ಆಕೆ ಚಾಪೆ ಹಾಸಿ ಕಾಫಿ ಕೊಟ್ಟಳು.

“ತಪ್ಪು ತಿಳೀಬೇಡಿ ಟೀಚರಮ್ಮ. ಬಾಗಿಲು ತೆಗೆದೇ ಇತ್ತು. ಆದರೆ ಒಳಗೆ ಬನ್ನಿ ಅನ್ನೋರು ಇರಲಿಲ್ಲ. ನಾವು ಇವರಿಗೆ ಬೇಡವಾ ಅಮ್ಮ ಅಂತ ಮಗ ಕೇಳಿದ. ಏನು ಹೇಳಲಿ?”

ನನ್ನ ಬಳಿಯೂ ಉತ್ತರವಿರಲಿಲ್ಲ.

1956ರ ನವೆಂಬರ್ 1ರಂದು ನಮ್ಮ ನಾಡು ಕೇರಳಕ್ಕೆ ಸೇರಿತು. ಅಂದಿನಿಂದ ಕಚೇರಿಯ ಕಿಟಕಿಯ ಮುಂದೆ, ಓದಲು ಬಾರದ ಅರ್ಜಿಯನ್ನು ಹಿಡಿದು ನಿಲ್ಲುವ ಸಂಕಟವನ್ನು ಗಡಿನಾಡಿನ ಕನ್ನಡಿಗರಾದ ನಾವು ಬಲ್ಲೆವು. ಜನರು ತಮ್ಮ ನುಡಿಯಲ್ಲಿ ಆರಾಧಿಸಲೆಂದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ದಾರಿ ತೆರೆಯಿತು. ಲತೀನಿನ ಗೋಡೆ ಹೀಗೆ ಬಿದ್ದಿತು. ಆ ಜಾಗದಲ್ಲಿ ನಾವೇ ಇನ್ನೊಂದು ಗೋಡೆ ಕಟ್ಟಿದ್ದೆವು.

ಮೋಂತಿ ಹಬ್ಬ ಸಮೀಪಿಸುತ್ತಿತ್ತು. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಜನ್ಮದಿನ. ನಮಗೆ ತೆನೆಹಬ್ಬವೂ ಹೌದು. 1763ರಲ್ಲಿ ಫರಂಗಿಪೇಟೆಯ ಮೋಂತಿ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಧರ್ಮಗುರು ಜೋಕಿಂ ಮಿರಾಂದರು ಇದನ್ನು ಆರಂಭಿಸಿದರೆಂದು ಪ್ರತೀತಿ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ನಮ್ಮ ಅಂಗಳದ ಹೂಗಳನ್ನು ಕೊಯ್ದು ಆ ಮಕ್ಕಳಿಬ್ಬರ ಕೈಗೆ ಬುಟ್ಟಿಯಿತ್ತು, ಪ್ರತಿದಿನವೂ ಜೊತೆಯಲ್ಲಿ ಕರೆದೊಯ್ದೆ. ವಾಳೆಯ ಗುರಿಕಾರರು ತಾವಾಗಿ ಅವರ ಮನೆಗೆ ಹೋಗಿ ಕರೆದರು. ಹಬ್ಬದ ದಿನ ಆಶೀರ್ವದಿಸಿದ ತೆನೆ ನಮಗೆ ದೊರೆತಂತೆ ಅವರಿಗೂ ದೊರೆಯಿತು. ಮಧ್ಯಾಹ್ನ ನಮ್ಮ ಮನೆಯಲ್ಲಿ ಹೊಸಭತ್ತದ ಕಾಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಸವಿದು, ತರಕಾರಿಯ ಊಟಕ್ಕೆ ಸಾಲಾಗಿ ಕುಳಿತೆವು. ಎಲೆಯ ಮುಂದೆ ಹುಡುಗ ಮೆಲ್ಲನೆ ಕೇಳಿದ: “ಮುಂದಿನ ವರ್ಷವೂ ಕರೀತೀರಾ?”

ಈಗ ತಿಂಗಳಿಗೊಮ್ಮೆ ವಾಚನವೊಂದು ಕನ್ನಡದಲ್ಲಿ ನಡೆಯುತ್ತದೆ, ಓದುವವನು ಅವನೇ. ಎಲ್ಲವೂ ಸರಿಹೋಯಿತೆನ್ನಲಾರೆ. ಅವನ ತಂದೆ ಇಂದಿಗೂ ಹಿಂದೆಯೇ ಕೂರುತ್ತಾರೆ. ಆದ್ದರಿಂದ ನಾನೂ ನನ್ನ ಹಳೆಯ ಸ್ಥಳವನ್ನು ಬಿಟ್ಟು ಕೊನೆಯ ಬೆಂಚಿಗೆ ಬಂದಿದ್ದೇನೆ.

ಪ್ರಿಯ ಓದುಗರೇ, ನಿಮ್ಮ ಊರಿನ ದೇವಾಲಯದಲ್ಲಿಯೂ ಅಂಥದೊಂದು ಬೆಂಚು ಇದ್ದೀತು. ಈ ಭಾನುವಾರ ಒಮ್ಮೆ ಹಿಂದಿರುಗಿ ನೋಡಿ. ಯಾರಾದರೂ ಒಂಟಿಯಾಗಿ ಕುಳಿತಿದ್ದರೆ ಸ್ವಲ್ಪ ಸರಿದು ‘ಬನ್ನಿ’ ಎನ್ನಿ.