ಬೆತ್ತಲೆ ಯಾರದು?

ಮುಳ್ಳೂರಿನ ಬಸದಿಗಳ ಶಾಸನಗಳನ್ನು ಓದುತ್ತಿದ್ದ ದಿನಗಳಲ್ಲಿಯೇ ಕಲಾಗ್ರಂಥವೊಂದರಲ್ಲಿ ಅಮೆದೆಯೊ ಮೊದಿಲ್ಯಾನಿ 1916ರಲ್ಲಿ ರಚಿಸಿದ ಕುಳಿತ ನಗ್ನೆಯ ತೈಲಚಿತ್ರವನ್ನು ಕಂಡೆ. ಮೂಲಚಿತ್ರ ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿದೆ. ಕೆಂಪೇರಿದ ಕೆನ್ನೆ, ಹೆಗಲಿಗೆ ವಾಲಿದ ತಲೆ, ಮುಚ್ಚಿದ ಕಣ್ಣು. ದಿಗಂಬರ ಬಿಂಬಗಳನ್ನು ನೋಡುತ್ತ ಬೆಳೆದ ನನಗೆ ಬೆತ್ತಲೆ ಹೊಸದಲ್ಲ. ಆದರೂ ಈ ಚಿತ್ರದ ಮುಂದೆ ಮನಸ್ಸು ತೊಡಕಿಗೆ ಸಿಕ್ಕಿತು.

ಚಿತ್ರ ಅಶ್ಲೀಲವೆನ್ನುವುದು ಸುಲಭದ ಉತ್ತರ. 1917ರ ಡಿಸೆಂಬರಿನಲ್ಲಿ ಪ್ಯಾರಿಸಿನ ಬರ್ತ್ ವೀಲ್ ಅವರ ಗ್ಯಾಲರಿಯಲ್ಲಿ ಮೊದಿಲ್ಯಾನಿಯ ಪ್ರದರ್ಶನ ತೆರೆದಾಗ ಪೊಲೀಸರ ಉತ್ತರವೂ ಅದೇ ಆಗಿತ್ತು. ನಗ್ನಚಿತ್ರಗಳನ್ನು ತೆಗೆಸಿದರು. ಅವರ ಕಣ್ಣಿಗೆ ಚುಚ್ಚಿದ್ದು ದೇಹದ ರೋಮ. ಪುರಾಣದ ಹೆಸರು ಹೊತ್ತ, ರೋಮವಿಲ್ಲದ ನಗ್ನೆಯರು ಅದೇ ನಗರದ ವಸ್ತುಸಂಗ್ರಹಾಲಯಗಳಲ್ಲಿ ನಿರಾತಂಕವಾಗಿದ್ದರು.

ಜಿನಬಿಂಬದ ನಗ್ನತೆಗೆ ಅರ್ಥ ಅಪರಿಗ್ರಹ. ಅಲ್ಲಿ ವಸ್ತ್ರವನ್ನು ತ್ಯಜಿಸಿದವನು ತಾನಾಗಿ ತ್ಯಜಿಸಿದ್ದಾನೆ. ಪರ್ಯಂಕಾಸನದ ಬಿಂಬದಲ್ಲಿ ಮಡಿಸಿದ ಕಾಲುಗಳೂ ಅಂಕದ ಮೇಲಿಟ್ಟ ಕೈಗಳೂ ದೇಹವನ್ನು ಬಹುಪಾಲು ಮರೆಮಾಡುತ್ತವೆ. ಅರೆಮುಚ್ಚಿದ ಕಣ್ಣು ನೋಡುವವರನ್ನು ಲೆಕ್ಕಿಸುವುದಿಲ್ಲ.

ಮೊದಿಲ್ಯಾನಿಯ ನಗ್ನೆ ಕೂಲಿಗಾಗಿ ಕುಳಿತವಳು. ಇಂಥ ರೂಪದರ್ಶಿಯರಿಗೆ ಒಮ್ಮೆ ಕುಳಿತದ್ದಕ್ಕೆ 5 ಫ್ರಾಂಕ್ ಸಲ್ಲುತ್ತಿತ್ತು. ಯುದ್ಧಕಾಲದ ಪ್ಯಾರಿಸಿನಲ್ಲಿ ಹೆಣ್ಣೊಬ್ಬಳಿಗೆ ಅದು ಕಾರ್ಖಾನೆಯ ದುಡಿಮೆಗಿಂತ ಹೆಚ್ಚಿನ ಗಳಿಕೆ. ಚಿತ್ರದ ಶೀರ್ಷಿಕೆಯಲ್ಲಿ ಆಕೆಯ ಹೆಸರಿಲ್ಲ.

ಇಲ್ಲಿ ಮುಳ್ಳೂರು ನೆನಪಾಗುತ್ತದೆ. ಕೊಂಗಾಳ್ವ ರಾಜೇಂದ್ರನ ತಾಯಿ ಪೋಚಬ್ಬರಸಿ ತನ್ನ ಗುರು ಗುಣಸೇನ ಪಂಡಿತರ ಪ್ರತಿಮೆಯನ್ನು ಮಾಡಿಸಿದಳೆಂದು 1058ರ ಶಾಸನ ಹೇಳುತ್ತದೆ. ಪ್ರತಿಮೆ ಮಾಡಿಸಿದ ಹೆಣ್ಣಿನ ಹೆಸರನ್ನು ಕೊಡಗಿನ ಕಲ್ಲು ಒಂಬತ್ತು ಶತಮಾನಗಳಿಗೂ ಮೀರಿ ಕಾಪಾಡಿದೆ. ತಾನೇ ಚಿತ್ರವಾದ ಹೆಣ್ಣಿನ ಹೆಸರು ನೂರು ವರ್ಷದ ಹಿಂದಿನ ಕ್ಯಾನ್ವಾಸಿನೊಡನೆ ಬರಲಿಲ್ಲ. ಅರಸಿಗೂ ಕೂಲಿಯವಳಿಗೂ ಎಲ್ಲಿಯ ಹೋಲಿಕೆ ಎನ್ನಬಹುದು. ದಾಖಲೆ ಯಾರನ್ನು ಉಳಿಸುತ್ತದೆ ಎಂಬ ಪ್ರಶ್ನೆ ಹುಟ್ಟುವುದು ಆ ಅಂತರದಿಂದಲೇ.

ಆದುದರಿಂದ ಇಂಥ ಕೃತಿಗಳನ್ನು ಓದುವ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಶೃಂಗಾರವೋ ಅಶ್ಲೀಲವೋ ಎಂದು ತೂಗುವ ಮೊದಲು, ಉಡುಗೆ ಕಳಚಿದ ನಿರ್ಧಾರ ಯಾರದು, ಯಾರ ನೋಟಕ್ಕಾಗಿ ಎಂದು ಕೇಳಿಕೊಳ್ಳಿ. ಹಾಗೆ ಕೇಳಿಕೊಂಡ ಮೇಲೆ ನನಗೆ ಆಕೆಯ ದೇಹಕ್ಕಿಂತ ಮುಚ್ಚಿದ ಕಣ್ಣುಗಳೇ ಮುಖ್ಯವಾಗಿ ಕಂಡವು. ಅದು ದಣಿವಿರಬಹುದು, ನಿದ್ದೆಯಿರಬಹುದು. ಚಿತ್ರಕಾರನಿಗೆ ಕೊಡದೆ ಆಕೆ ತನಗೆಂದು ಉಳಿಸಿಕೊಂಡದ್ದೂ ಅಷ್ಟೇ ಇರಬಹುದು.