ಅಕ್ಕನಿಗಿರೋದು ಸಕ್ಕರೆ ಕಾಯಿಲೆ ಅಲ್ಲ

ಮದುವೆ ಊಟಕ್ಕೆ ಹೋದರೆ ಅಕ್ಕನ ಎಲೆಗೆ ಹೋಳಿಗೆ ಬೀಳೋದೇ ಇಲ್ಲ. "ಅವಳಿಗೆ ಡಯಾಬಿಟಿಸ್ ಅಲ್ವಾ" ಅಂತ ಬಡಿಸೋರು ಮುಂದೆ ಹೋಗಿಬಿಡ್ತಾರೆ. ಅವಳಿಗಿರೋದು ಡಯಾಬಿಟಿಸ್ ಇನ್ಸಿಪಿಡಸ್. ಹೆಸರಿನ ಅರ್ಧ ಒಂದೇ, ಆದರೆ ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಗೆ ಹೋಗೋದು ಒಂದೆರಡು ಲೀಟರ್ ಮಾತ್ರ. ಹೆಚ್ಚಿನದು ತಾನಾಗೇ ರಕ್ತಕ್ಕೆ ಮರಳುತ್ತೆ. ಕೊನೆಯಲ್ಲಿ ಉಳಿಯೋ ಪಾಲನ್ನು ಹಿಡಿಯಬೇಕೋ ಬಿಡಬೇಕೋ ಅನ್ನೋದು ವಾಸೊಪ್ರೆಸಿನ್ ಕೈಲಿದೆ. ಒಂಬತ್ತೇ ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್ ಅದು. ಮೆದುಳಿನ ಹೈಪೋಥಲಾಮಸ್‌ನಲ್ಲಿ ತಯಾರಾಗಿ ಪಿಟ್ಯುಟರಿಯ ಹಿಂಭಾಗದಲ್ಲಿ ಕಾದಿರುತ್ತೆ. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೂ ಮೆದುಳಿಗೆ ಗೊತ್ತಾಗುತ್ತೆ. ಹಾರ್ಮೋನ್ ಹೊರಡುತ್ತೆ, ಕಿಡ್ನಿಯಲ್ಲಿ ನೀರಿನ ಬಾಗಿಲು ತೆರೆಯುತ್ತೆ. ದೇಹದಲ್ಲಿ ನೀರು, ಉಪ್ಪು ತುಂಬಾ ಕಮ್ಮಿಯಾದಾಗ ಆಂಜಿಯೋಟೆನ್ಸಿನ್ ಅನ್ನೋ ಇನ್ನೊಂದು ಪೆಪ್ಟೈಡ್ ಬಂದು ಬಾಯಾರಿಕೆ ಹುಟ್ಟಿಸಿ, ವಾಸೊಪ್ರೆಸಿನ್‌ಗೂ ಕುಮ್ಮಕ್ಕು ಕೊಡುತ್ತೆ. ಮದ್ಯ ಇದಕ್ಕೆ ಉಲ್ಟಾ, ತಡೆಯುತ್ತೆ. ವೀಕೆಂಡ್ ಪಾರ್ಟಿಯಲ್ಲಿ ಟಾಯ್ಲೆಟ್ ಮುಂದೆ ಕ್ಯೂ ಯಾಕೆ ಅಂತ ಗೊತ್ತಾಯ್ತಲ್ಲ!

ಪಿಟ್ಯುಟರಿ ಪಕ್ಕದ ಗಡ್ಡೆ ತೆಗೆಸಿದ ಮೇಲೆ ಅಕ್ಕನಿಗೆ ಈ ಹಾರ್ಮೋನ್ ಇಲ್ಲ. ಮೊದಮೊದಲು ದಿನಕ್ಕೆ ಹತ್ತು ಲೀಟರ್ ಮೂತ್ರ ಹೋಗ್ತಿತ್ತು, ಅಷ್ಟೇ ನೀರು ಕುಡೀಬೇಕಿತ್ತು. ಚೊಂಬು ಸಾಲದೆ ಕೊಡಪಾನವನ್ನೇ ಮಂಚದ ಪಕ್ಕ ಇಟ್ಟಿದ್ವಿ. ಈಗ ಬೆಳಿಗ್ಗೆ, ರಾತ್ರಿ ಡೆಸ್ಮೊಪ್ರೆಸಿನ್ ಮಾತ್ರೆ. ಅದು ಕೆಲಸ ಮಾಡೋವಾಗ ಸುಮ್ಮಸುಮ್ಮನೆ ನೀರು ಕುಡಿಯೋ ಹಾಗೂ ಇಲ್ಲ, ಸೋಡಿಯಂ ಕುಸಿಯುತ್ತೆ.

ಹೋದ ವರ್ಷ ಹರ್ನಿಯಾ ಆಪರೇಷನ್‌ಗೆ ಒಂದು ಆಸ್ಪತ್ರೆಗೆ ಸೇರಿಸಿದ್ವಿ. "ಶುಗರ್ ನಾರ್ಮಲ್ ಇದೆ, ಡಯಾಬಿಟಿಸ್ ಮಾತ್ರೆ ಇವತ್ತು ಬೇಡ" ಅಂದ್ರು. ಆಪರೇಷನ್ ಅಂತ ಬಾಯಿಗೆ ನೀರೂ ಇಲ್ಲ. ಸರದಿ ಬರೋದು ತಡವಾಗಿ, ಸಂಜೆ ಹೊತ್ತಿಗೆ ಅಕ್ಕ ನನ್ನ ಹೆಸರನ್ನೇ ತಪ್ಪು ಹೇಳ್ತಿದ್ದಳು. ಸೋಡಿಯಂ 156, ಇರಬೇಕಾದ್ದು 135ರಿಂದ 145. ಭಾವ ಗಲಾಟೆ ಮಾಡಿ, ಅವಳ ಹಳೇ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟ ಮೇಲೆ ಮಾತ್ರೆ ಬಂತು, ಡ್ರಿಪ್ ಬಂತು. ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಹೀಗೆ ಔಷಧಿ ತಪ್ಪಿ ಜೀವ ಹೋದವರೂ ಇದ್ದಾರೆ. ಅದಕ್ಕೇ 2022ರಲ್ಲಿ ಹಾರ್ಮೋನ್ ತಜ್ಞರು ಕಾಯಿಲೆಯ ಹೆಸರನ್ನೇ ಬದಲಿಸೋಣ ಅಂದರು: ಅರ್ಜಿನೈನ್ ವಾಸೊಪ್ರೆಸಿನ್ ಕೊರತೆ. ನಾಲಿಗೆ ತಿರುಗಲ್ಲ, ನಿಜ. ಆದರೂ ಸಕ್ಕರೆಯ ನೆನಪು ಬರಲ್ವಲ್ಲ, ನನಗಷ್ಟು ಸಾಕು. ವಾರ್ಡುಗಳಲ್ಲಿ ಇನ್ನೂ ಹಳೇ ಹೆಸರೇ ಓಡಾಡ್ತಿದೆ.

ಅಕ್ಕನ ಫೋನಿನ ಲಾಕ್‌ಸ್ಕ್ರೀನ್ ಮೇಲೆ ಮೊದಲು ಮಗಳ ಫೋಟೋ ಇತ್ತು. ಈಗ ದಪ್ಪ ಅಕ್ಷರದಲ್ಲಿ ಮೂರು ಸಾಲು: ಸಕ್ಕರೆ ಕಾಯಿಲೆ ಇಲ್ಲ. ಡೆಸ್ಮೊಪ್ರೆಸಿನ್ ನಿಲ್ಲಿಸಬೇಡಿ. ಸೋಡಿಯಂ ನೋಡಿ.