ಪಾಠಯೋಜನೆಯಲ್ಲಿಲ್ಲದ ಪ್ರಶ್ನೆ

2025ರ ಫೆಬ್ರವರಿ. ಒಂಬತ್ತನೇ ತರಗತಿಗೆ ಶಬ್ದ ಪ್ರಸರಣದ ಪಾಠ ಮುಗಿಸಿ, ಪ್ರಶ್ನೆಗಳಿವೆಯೇ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು: "ಮಿಸ್, ನಮ್ಮಕ್ಕ ಓದೋ ಯೂನಿವರ್ಸಿಟಿ ಮುಚ್ತಾರಂತೆ. ಅವಳ ಡಿಗ್ರಿ ಏನಾಗುತ್ತೆ?"

"ಅದು ಪಾಠಕ್ಕೆ ಸಂಬಂಧಿಸಿದ್ದಲ್ಲ, ಕೂತ್ಕೋ" ಎಂದುಬಿಟ್ಟೆ. ವೀಕ್ಷಣಾ ಹಾಳೆಯಲ್ಲಿ ತರಗತಿ ನಿರ್ವಹಣೆಗೆ ಒಳ್ಳೆಯ ಅಂಕವೇ ಬಂತು.

ಊಟದ ಬಿಡುವಿನಲ್ಲಿ ಅವಳನ್ನು ಕರೆದು ವಿಚಾರಿಸಿದೆ. ವಿಶ್ವವಿದ್ಯಾಲಯದಿಂದ ಅಕ್ಕನಿಗೆ ಪರೀಕ್ಷಾ ಶುಲ್ಕದ ಸುತ್ತೋಲೆ ಬಿಟ್ಟು ಬೇರೇನೂ ಬಂದಿರಲಿಲ್ಲ. ಅವರೂ ನನ್ನ ಹಾಗೆಯೇ "ಕೂತ್ಕೋ" ಎಂದಿದ್ದರು.

ಆ ರಾತ್ರಿ ಪತ್ರಿಕೆಗಳನ್ನು ಓದಿದೆ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಹಣಕಾಸಿನ ಕಾರಣ ನೀಡಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತ್ತು. ಶಿಫಾರಸು ತೀರ್ಮಾನವಲ್ಲ. ಅವು ಕಾಯ್ದೆಯಿಂದ ಹುಟ್ಟಿದವು. ಮುಚ್ಚುವುದಕ್ಕೂ ಕಾಯ್ದೆ ತಿದ್ದುಪಡಿಯಾಗಬೇಕು. ಇಷ್ಟನ್ನು ವಿದ್ಯಾರ್ಥಿಗಳಿಗೆ ನಾಲ್ಕು ಸಾಲಿನಲ್ಲಿ ತಿಳಿಸಲು ಯಾವ ಅನುದಾನವೂ ಬೇಕಿರಲಿಲ್ಲ.

ಮರುದಿನ ಪಾಠಕ್ಕೆ ಮೊದಲು ಕಪ್ಪುಹಲಗೆಯ ಮೇಲೆ ಮೂರು ಕಲಂ ಎಳೆದೆ: ಗೊತ್ತಿರುವುದು, ತೀರ್ಮಾನವಾಗದ್ದು, ಯಾರನ್ನು ಕೇಳಬೇಕು. ಡಿಗ್ರಿಯ ಪ್ರಶ್ನೆ ಎರಡನೆಯದಕ್ಕೇ ಹೋಯಿತು. ಆದರೂ ಅವಳು ಎಲ್ಲವನ್ನೂ ಬರೆದುಕೊಂಡಳು, ಅಕ್ಕನಿಗೆ ತೋರಿಸಲು.

ಆ ಐದು ನಿಮಿಷ ನನ್ನ ಪಾಠಯೋಜನೆಯಲ್ಲಿರಲಿಲ್ಲ. ಈಗ ಪ್ರತಿ ಯೋಜನೆಯಲ್ಲೂ ಅಷ್ಟು ಜಾಗ ಬಿಡುತ್ತೇನೆ.